ಕಣಕ್ಕೆ ಬಿದ್ದ ಮಂಟಪದ ಕಂದಾಯ

ಮೊನ್ನೆ ಸೊರಬದಲ್ಲಿ ತವರಿನ ಕಡೆಯವರ ಮದುವೆ ಇತ್ತು. ಹೊಸದಾಗಿ ಕಟ್ಟಿದ ಕಲ್ಯಾಣ ಮಂಟಪ. ಕಾಲಿಟ್ಟರೆ ಜಾರುವ ನೆಲ, ತಲೆಯ ಮೇಲೆ ಪ್ಲಾಸ್ಟಿಕ್ ಹೂವಿನ ಗೊಂಚಲು. ಊಟ ಮುಗಿಸಿ ಕೈ ತೊಳೆಯಲು ಹಿಂಬದಿಗೆ ಹೋದೆ. ಅಲ್ಲಿ ಯಾರೋ ತಮ್ಮ ದನಕ್ಕೆಂದು ಕೊಂಡ ತೌಡಿನ ಚೀಲಗಳನ್ನು ಗೋಡೆಗೆ ಒರಗಿಸಿದ್ದರು. ಬಿಸಿಲಿಗೆ ಕಾದ ತೌಡಿನ ವಾಸನೆಯೂ ಅಡುಗೆಯವರು ಇಳಿಸುತ್ತಿದ್ದ ಸಾರಿನ ವಾಸನೆಯೂ ಒಟ್ಟಿಗೆ ಮೂಗಿಗೆ ಬಂದವು. ನಲ್ಲಿ ತಿರುಗಿಸಿದ್ದನ್ನು ಮರೆತು ನಿಂತುಬಿಟ್ಟೆ. ಹಿಂದೆ ಇದ್ದ ಹೆಂಗಸು, "ಎಂತ ಆತೇ ಅಕ್ಕ, ತಲೆ ಸುತ್ತು ಬಂತನ?" ಎಂದು ತೋಳು ಹಿಡಿದಳು. ತಲೆ ಸುತ್ತಲ್ಲ, ಸಿಟ್ಟು. ನಮ್ಮ ಮಿಲ್ಲಿನ ಕಣಕ್ಕೆ ಕಂದಾಯದವರು ಮಂಟಪವೆಂದು ಹೆಸರಿಟ್ಟ ಆ ಬೇಸಿಗೆಯ ಸಿಟ್ಟು ಇಷ್ಟು ದಿನ ಎಲ್ಲಿ ಕೂತಿತ್ತೋ, ಆ ವಾಸನೆಯ ಜೊತೆಗೇ ಎದ್ದು ಬಂತು.

ನಮ್ಮದು ಶಿಕಾರಿಪುರದಿಂದ ಸೊರಬದ ಕಡೆಗೆ ಹೋಗುವ ರಸ್ತೆಯ ಪಕ್ಕದಲ್ಲಿರುವ ಅಕ್ಕಿ ಮಿಲ್ಲು. ಹಂಚಿನ ಕಟ್ಟಡ, ಮಾವನವರ ಕಾಲದ್ದು. ಅದರ ಮುಂದೆ ಕಟ್ಟಡಕ್ಕಿಂತ ದೊಡ್ಡದಾದ ಸಿಮೆಂಟಿನ ಅಂಗಳ. ಹಸಿ ಭತ್ತವನ್ನು ಒಣಗಿಸುವುದು ಅಲ್ಲೇ ಆದ್ದರಿಂದ ನಾವು ಅದನ್ನು ಕಣ ಎನ್ನುತ್ತೇವೆ. ಜಡೆ ಎಂಬ ಊರಿನಿಂದ ಸೊಸೆಯಾಗಿ ಬಂದ ಹೊಸತರಲ್ಲಿ ಮಾವನವರು ನನಗೆ ಮನೆಯ ಕಟ್ಟಳೆ ಯಾವುದನ್ನೂ ಹೇಳಲಿಲ್ಲ, ಕಣದ ಕಟ್ಟಳೆ ಮಾತ್ರ ಕೂರಿಸಿಕೊಂಡು ಹೇಳಿದರು. ಮದುವೆಯ ಅಕ್ಕಿಯನ್ನು ನಮ್ಮ ಮಿಲ್ಲಿನಲ್ಲಿ ಮಾಡಿಸಿದವರು ಮದುವೆಯನ್ನೂ ನಮ್ಮ ಕಣದಲ್ಲೇ ಮಾಡಬಹುದು, ಅದಕ್ಕೆ ಬಾಡಿಗೆ ಕೇಳುವಂತಿಲ್ಲ. ಆದರೆ ಯಾರ ಮದುವೆಯಾದರೂ ಸರಿ, ಕಣಕ್ಕೆ ಒಂದು ಗುಳಿಯನ್ನೂ ತೋಡುವಂತಿಲ್ಲ. ಗುಳಿ ಬಿದ್ದರೆ ಅದರಲ್ಲಿ ಕಾಳು ಕೂರುತ್ತದೆ, ನೀರು ನಿಲ್ಲುತ್ತದೆ, ಎರಡು ಮಳೆಗಾಲ ಕಳೆಯುವುದರೊಳಗೆ ಸಿಮೆಂಟು ಬಿರಿಯುತ್ತದೆ. ಹಾಗಾಗಿ ನಮ್ಮಲ್ಲಿ ಚಪ್ಪರದ ಕಂಬಗಳನ್ನು ನೆಲದಲ್ಲಿ ನೆಡುವುದಿಲ್ಲ. ಅರ್ಧಕ್ಕೆ ಕೊಯ್ದ ಎಣ್ಣೆ ಡ್ರಮ್ಮುಗಳಿಗೆ ಮರಳು ತುಂಬಿ, ಅದರಲ್ಲಿ ಕಂಬ ನಿಲ್ಲಿಸಿ, ಹಗ್ಗದಲ್ಲಿ ಅತ್ತಿತ್ತ ಬಿಗಿಯುತ್ತಾರೆ. ಡ್ರಮ್ಮುಗಳು ಮಿಲ್ಲಿನವೇ. ಮದುವೆ ಇಲ್ಲದ ದಿನಗಳಲ್ಲಿ ಕಾಂಪೌಂಡಿನ ಬುಡದಲ್ಲಿ ಸಾಲಾಗಿ ಇರುತ್ತವೆ.

ಆ ವರ್ಷ ಯುಗಾದಿಗೆ ಮೊದಲೇ ಬಿಸಿಲು ಜೋರಾಗಿತ್ತು. ಬೇಸಿಗೆ ಭತ್ತ ಬರುವ ಮುಂಚೆ ಮಿಲ್ಲಿನ ಪರವಾನಗಿ ನವೀಕರಿಸಿಕೊಂಡು ಬರೋಣವೆಂದು ನಾನೂ ನಮ್ಮ ಯಜಮಾನರೂ ಕಚೇರಿಗೆ ಹೋದೆವು. ಕಂದಾಯ ಬಾಕಿ ಇದೆ, ಅದನ್ನು ತೀರಿಸದೆ ಪರವಾನಗಿ ಇಲ್ಲ ಎಂದರು. ಪ್ರತಿ ವರ್ಷ ತಪ್ಪದೆ ಕಟ್ಟುವವರಿಗೆ ಎಂಥ ಬಾಕಿ? ಹಳೆಯ ಅಳತೆಗಳನ್ನೆಲ್ಲ ಆ ವರ್ಷ ಕಂಪ್ಯೂಟರಿಗೆ ಏರಿಸಿದ್ದರಂತೆ. ಅದು ಲೆಕ್ಕ ಹಾಕಿ, ಇಷ್ಟು ವರ್ಷ ನಾವು ಕಡಿಮೆ ಕಟ್ಟಿದ್ದೇವೆಂದು ದಂಡವನ್ನೂ ಸೇರಿಸಿ ಹೇಳುತ್ತಿತ್ತು. ಅಷ್ಟು ಕಟ್ಟಬೇಕಾದರೆ ಭತ್ತ ಕೊಳ್ಳಲು ಇಟ್ಟಿದ್ದ ದುಡ್ಡೆಲ್ಲ ಹೋಗುತ್ತಿತ್ತು. ಕಟ್ಟದಿದ್ದರೆ ಮಿಲ್ಲು ನಿಲ್ಲುತ್ತಿತ್ತು.

ಕಂದಾಯದ ನಿರೀಕ್ಷಕರು ಹೊಸದಾಗಿ ವರ್ಗವಾಗಿ ಬಂದವರು, ಮೈಸೂರು ಕಡೆಯ ನಯವಾದ ಮಾತು. "ನಿಮ್ಮದು ಬರೀ ಮಿಲ್ಲಲ್ಲವಲ್ಲ ಮೇಡಂ," ಎಂದರು. "ಜೊತೆಗೆ ಕಲ್ಯಾಣ ಮಂಟಪ ಇದೆ. ಶೀಟು ಹೊದಿಸಿದ ದೊಡ್ಡ ಹಾಲು."

"ಎಲ್ಲಿದೆ?" ಎಂದೆ.

"ನಿಮ್ಮ ಮಿಲ್ಲಿನ ಮುಂದೆ."

ನಾನು ಯಜಮಾನರ ಮುಖ ನೋಡಿದೆ, ಅವರು ನನ್ನ ಮುಖ ನೋಡಿದರು. ಆಮೇಲೆ ನೆನಪಾಯಿತು. ನನ್ನ ನಾದಿನಿಯ ಮದುವೆಯ ದಿನ ಕಂದಾಯದ ಅಳತೆಯವರು ಬಂದಿದ್ದರು. ಮಳೆ ಬಂದೀತೆಂದು ಆವತ್ತು ಕಣದ ತುಂಬ ತಗಡಿನ ಶೀಟಿನ ಚಪ್ಪರ ಹಾಕಿಸಿದ್ದೆವು. ಪಾಪ, ನಾಚಿಕೊಂಡು ಗೇಟಿನ ಹತ್ತಿರವೇ ನಿಂತಿದ್ದ ಅವರನ್ನು ಮಾವನವರು ಒಳಗೆ ಕರೆದು ಪಂಕ್ತಿಯಲ್ಲಿ ಕೂರಿಸಿದರು. ಅವರಿಗೆ ಹೋಳಿಗೆ ಬಡಿಸಿದವಳು ನಾನೇ, ತುಪ್ಪ ಹಾಕಿದವಳೂ ನಾನೇ. ಹೊಟ್ಟೆ ತುಂಬ ಉಂಡು, ಎಲೆ ಅಡಿಕೆ ಹಾಕಿಕೊಂಡು, ಟೇಪು ಹಿಡಿದು ಕಣವನ್ನು ಆ ತುದಿಯಿಂದ ಈ ತುದಿಯವರೆಗೆ ಅಳೆದುಕೊಂಡು ಹೋಗಿದ್ದರು. ಭತ್ತದ ಕಣ ಮಂಟಪವಾದದ್ದು ಹೀಗೆ.

ಅದನ್ನೆಲ್ಲ ವಿವರಿಸಿದೆ. ನಿರೀಕ್ಷಕರು ಸಾವಧಾನವಾಗಿ ಕೇಳಿದರು. ಕೇಳಿ, "ಆದ್ರೆ ಈಗ್ಲೂ ಅಲ್ಲಿ ಮದುವೆ ನಡೀತಾವಾ ಇಲ್ವಾ?" ಎಂದರು.

"ನಡೀತಾವೆ."

"ಮತ್ತೆ ಮಂಟಪ ಅಲ್ಲ ಅಂತೀರಲ್ಲ ಮೇಡಂ."

ನನಗೆ ತಡೆಯಲಾಗಲಿಲ್ಲ. "ಹೋದ ತಿಂಗಳು ನಮ್ಮ ಮಿಲ್ಲಿನ ಚೀಲದ ಸಂದಿಯಲ್ಲಿ ಬೆಕ್ಕು ಮರಿ ಹಾಕ್ಯದೆ ಸರ್. ಹೆರಿಗೆ ಆಸ್ಪತ್ರೆ ಅಂತ ಬರ್ಕಳ್ತೀರನ?" ಎಂದೆ. ಆಚೆ ಮೇಜಿನವರು ಕಿಸಕ್ಕನೆ ನಕ್ಕರು. ಯಜಮಾನರು ಮಾತ್ರ ನನ್ನ ಸೆರಗಿನ ತುದಿ ಜಗ್ಗಿದರು. ನಾನು ಬಿಡಲಿಲ್ಲ. ಭತ್ತ ಒಣಗುವುದು ಬಿಸಿಲಿಗೆ, ಕಣಕ್ಕೆ ಸೂರು ಹೊದಿಸಿಕೊಂಡು ಕೂತರೆ ಭತ್ತವನ್ನು ಯಾರ ತಲೆಯ ಮೇಲೆ ಒಣಗಿಸುವುದು, ಇಷ್ಟು ತಿಳಿಯಲು ಓದಿರಬೇಕಾ ಎಂದು ಕೇಳಿದೆ.

ನಿರೀಕ್ಷಕರು ಕೆಟ್ಟವರಲ್ಲ. "ಇದನ್ನ ಬರೆದವನು ನಾನಲ್ಲ ಮೇಡಂ, ಇರೋದನ್ನ ಓದ್ತಾ ಇದೀನಿ ಅಷ್ಟೆ," ಎಂದರು. "ಆಕ್ಷೇಪಣೆ ಕೊಡಿ, ಬಂದು ನೋಡ್ತೀವಿ. ಸೂರು ಇದೆಯೋ ಇಲ್ಲವೋ ಅನ್ನೋದು ಕಣ್ಣಿಗೆ ಕಾಣುತ್ತೆ. ಮದುವೆ ವಿಷಯಕ್ಕೆ ಮಾತ್ರ ಒಂದು ದಾರಿ ಇದೆ. ಇನ್ನು ಮುಂದೆ ಇಲ್ಲಿ ಮದುವೆ ನಡೆಸೋದಿಲ್ಲ ಅಂತ ಮುಚ್ಚಳಿಕೆ ಬರೆದುಕೊಡಿ. ಫೈಲು ಸಲೀಸಾಗಿ ಹೋಗುತ್ತೆ."

ಆಕ್ಷೇಪಣೆ ಅಲ್ಲೇ ಬರೆದುಕೊಟ್ಟೆ. ಮುಚ್ಚಳಿಕೆ ಬರೆಯದೆ ಎದ್ದು ಬಂದೆ.

ಬೈಕಿನಲ್ಲಿ ವಾಪಸು ಬರುವಾಗ ಯಜಮಾನರು ಕೆರೆ ಏರಿಯ ಮೇಲೆ ಗಾಡಿ ನಿಧಾನ ಮಾಡಿದರು. ಆಮೇಲೆ, "ಬರ್ದು ಕೊಟ್ರಾತು ಬಿಡು. ನಮಗ್ಯಾಕ ಸರ್ಕಾರದ ಕೂಡ ಜಗಳ? ಈಗ ಊರಿಗೊಂದು ಮಂಟಪ ಅದಾವು, ಮದುವಿ ಮಾಡೋರು ಅಲ್ಲಿ ಮಾಡ್ಕಂತಾರ," ಎಂದರು.

"ಹಂಗಾರೆ ಹಾಲಮ್ಮನಿಗೆ ಎಂತ ಹೇಳ್ತೀರಿ?" ಎಂದೆ.

ಅವರು ಬೈಕಿನ ವೇಗ ಹೆಚ್ಚಿಸಿದರು.

ಹಾಲಮ್ಮ ನಮ್ಮ ಕಣದಲ್ಲಿ ಭತ್ತ ಒಣಗಿಸುವವಳು. ಹರಡಿದ ಭತ್ತದ ಮೇಲೆ ಸೀರೆಯನ್ನು ಮೇಲಕ್ಕೆ ಕಟ್ಟಿಕೊಂಡು, ಬರಿಗಾಲನ್ನು ಎಳೆಯುತ್ತ ಈ ಕೊನೆಯಿಂದ ಆ ಕೊನೆಗೆ ಹೋಗುತ್ತಾಳೆ, ಮತ್ತೆ ಬರುತ್ತಾಳೆ. ಅವಳ ಕಾಲು ಹೋದಲ್ಲೆಲ್ಲ ಭತ್ತದಲ್ಲಿ ಸಾಲು ಬೀಳುತ್ತದೆ, ಅಡಿಯ ಹಸಿ ಕಾಳು ಮೇಲೆ ಬರುತ್ತದೆ. ಅವಳ ಮಗಳು ರೇಣುಕಾ ನಡೆಯಲು ಕಲಿತದ್ದೇ ಆ ಸಾಲುಗಳಲ್ಲಿ. ಆ ರೇಣುಕಾಳಿಗೆ ಚಂದ್ರಗುತ್ತಿ ಕಡೆಯ ಗಂಡು ಗೊತ್ತಾಗಿತ್ತು. ಮದುವೆಯ ಅಕ್ಕಿ ಆಗಲೇ ನಮ್ಮ ಮಿಲ್ಲಿನಲ್ಲಿ ಆಗಿತ್ತು. ಹಾಪರಿಗೆ ಮೊದಲ ಬೊಗಸೆ ಭತ್ತವನ್ನು ಸುರಿಯುವಾಗ ಹಾಲಮ್ಮ ಕಣ್ಣೊರೆಸಿಕೊಂಡಿದ್ದಳು. ತೌಡಿನ ದೂಳು ಕಣ್ಣಿಗೆ ಹೋಯಿತೆಂದಳು. ಆ ಅಕ್ಕಿಯ ಮೂಟೆಗಳು ಇನ್ನೂ ನಮ್ಮ ಗೋದಾಮಿನಲ್ಲೇ ಇದ್ದವು.

ಸ್ಥಳ ನೋಡಲು ಬರುತ್ತೇವೆಂದು ಕಚೇರಿಯಿಂದ ನೋಟಿಸು ಬಂತು. ದಿನ ನೋಡಿದರೆ, ರೇಣುಕಾಳ ಮದುವೆಯ ದಿನ.

ಯಜಮಾನರು ಕಚೇರಿಗೆ ಓಡಿದರು. ಬೇರೆ ದಿನ ಕೊಡಿ ಎಂದು ಕೇಳಿದ್ದಕ್ಕೆ, ಈ ಸುತ್ತು ತಪ್ಪಿದರೆ ಇನ್ನು ಮಳೆಗಾಲ ಕಳೆದ ಮೇಲೆ ಎಂದರಂತೆ. ಅಷ್ಟರೊಳಗೆ ಪರವಾನಗಿಯ ಅವಧಿ ಮುಗಿಯುತ್ತಿತ್ತು. ಅವರು ಬಂದು ಜಗಲಿಯ ಮೇಲೆ ಕೂತು ಟವೆಲಿನಿಂದ ಮುಖ ಒರೆಸಿಕೊಂಡೇ ಒರೆಸಿಕೊಂಡರು. ಚಪ್ಪರ ಕಂಡರೆ ಕಥೆ ಮುಗಿಯಿತು, ಹೋದ ಸಲ ಆದದ್ದೇ ಮತ್ತೆ ಆಗುತ್ತದೆ ಎಂದರು. ಆ ದಿನಗಳಲ್ಲಿ ಮಧ್ಯಾಹ್ನವಾದರೆ ಸಾಕು, ಗುಡುಗು ಶುರುವಾಗುತ್ತಿತ್ತು. ತಗಡಿನ ಚಪ್ಪರ ಹಾಕದೆ ಮದುವೆ ಮಾಡುವಂತೆಯೇ ಇರಲಿಲ್ಲ.

ಸುದ್ದಿ ಹಾಲಮ್ಮನ ಕಿವಿಗೂ ಬಿತ್ತು. ಸಂಜೆ ಬಂದವಳು ಎಂದಿನಂತೆ ಒಳಗೆ ಬಾರದೆ ಹಿಂಬಾಗಿಲ ಹತ್ತಿರ ನಿಂತಳು. "ಅಕ್ಕೋರೆ, ನಾವು ಸಾಲಿ ಬಯಲಿಗೆ ಹೋಗ್ತೀವ್ರಿ," ಎಂದಳು. "ನಮ್ಮ ಸಲುವಾಗಿ ಮಿಲ್ಲು ಯಾಕ ನಿಲ್ಲಬೇಕು? ಮಿಲ್ಲು ನಿಂತ್ರ ನಾವೂ ಮನ್ಯಾಗ ಕುಂದ್ರಾದೇ ಅಲ್ಲೇನ್ರಿ."

ಅವಳ ಮಾತಿನಲ್ಲಿ ತಪ್ಪು ಹುಡುಕುವಂತಿರಲಿಲ್ಲ, ಅದಕ್ಕೇ ನನಗೆ ಹೆಚ್ಚು ಉರಿಯಿತು. ಯಾರೋ ಹೋಳಿಗೆ ತಿಂದು ತಪ್ಪು ಬರೆದರು. ಆ ತಪ್ಪಿಗೆ ನಾವು ದಂಡ ಕಟ್ಟಬೇಕು, ಹಾಲಮ್ಮ ಮಗಳ ಮದುವೆಯನ್ನು ಶಾಲೆಯ ಮುಳ್ಳು ಕಸದ ಬಯಲಿಗೆ ಒಯ್ಯಬೇಕು. ತಪ್ಪು ಮಾತ್ರ ಕಂಪ್ಯೂಟರಿನಲ್ಲಿ ಸುಖವಾಗಿ ಕೂತಿರಬೇಕು. "ಹಾಲಮ್ಮ, ಅಕ್ಕಿ ಇಲ್ಲಿ ಆಗ್ಯದೆ ಅಲ್ದ? ಮದುವೆನೂ ಇಲ್ಲೇ ಆಗದು. ಬಯಲಿಗೆ ಹೋದ್ರೆ ನಾನು ಊಟಕ್ಕೆ ಬರದಿಲ್ಲ ನೋಡು," ಎಂದೆ.

"ಸಾವ್ಕಾರ್ರು?" ಎಂದು ಅವಳು ಜಗಲಿಯ ಕಡೆ ಕಣ್ಣು ತಿರುಗಿಸಿದಳು.

"ಅವ್ರಿಗೆ ನಾನು ಹೇಳ್ತೀನಿ," ಎಂದೆ. ಹೇಳಿದೆ. ಆ ರಾತ್ರಿ ಅವರು ಮಜ್ಜಿಗೆ ಅನ್ನವನ್ನು ಅರ್ಧಕ್ಕೆ ಬಿಟ್ಟು ಎದ್ದರು.

ಮದುವೆಯ ಹಿಂದಿನ ದಿನ ಇನ್ನೊಂದು ತೊಡಕು ಬಂತು. ಕಟಾವಿನ ಯಂತ್ರದಲ್ಲಿ ಕೊಯ್ದ ಭತ್ತವನ್ನು ರೈತರೊಬ್ಬರು ಟ್ರ್ಯಾಕ್ಟರಿನಲ್ಲಿ ತಂದು ಚಪ್ಪರ ಹಾಕಿದ್ದ ಕಣದ ಅಂಚಿಗೆ ಸುರಿದೇಬಿಟ್ಟರು. ಹಸಿ ಭತ್ತ ರಾಶಿಯಲ್ಲಿ ಬಹಳ ಹೊತ್ತು ಇದ್ದರೆ ಒಳಗೇ ಕಾವು ಹುಟ್ಟಿ ಮೊಳಕೆ ಬರುತ್ತದೆ. ಕೈ ಹಾಕಿ ನೋಡಿದರೆ ಆಗಲೇ ಬೆಚ್ಚಗಿತ್ತು. ಹಾಲಮ್ಮ ಕೈಗೆ ಹಚ್ಚಿದ ಅರಿಸಿನದಲ್ಲೇ ಆ ರಾಶಿಯೊಳಗೆ ಕೈ ತೂರಿಸಿ ನೋಡಿ, "ನಾಳಿ ಉಂಡು ಎದ್ದ ಕೂಡ್ಲೆ ಚಪ್ಪರ ಬಿಚ್ಚಸ್ತೀನ್ರಿ. ಸಂಜಿ ಬಿಸಿಲು ಒಂದೀಟು ಕಂಡ್ರ ಸಾಕು," ಎಂದಳು. ಮಗಳ ಮದುವೆಯ ಹಿಂದಿನ ದಿನ ಬೇರೆಯವರ ಭತ್ತದ ಚಿಂತೆ ಮಾಡುವವಳನ್ನು ಬಯಲಿಗೆ ಕಳಿಸಬೇಕಿತ್ತಂತೆ ನಾನು.

ಮದುವೆಯ ದಿನ ನಿರೀಕ್ಷಕರು ಬಂದಾಗ ಅಕ್ಷತೆ ಬಿದ್ದು, ಮೊದಲ ಪಂಕ್ತಿ ಕೂತಿತ್ತು. ಜೀಪಿನಿಂದ ಇಳಿದವರೇ ತಲೆಯೆತ್ತಿ ಚಪ್ಪರ ನೋಡಿದರು. ಕಣದ ತುಂಬ ತಗಡು, ಕಂಬಕ್ಕೆಲ್ಲ ಬಾಳೆಗಿಡ, ಎದುರಿಗೆ ಥರ್ಮಾಕೋಲಿನಲ್ಲಿ ಕೊರೆದ ಗಂಡು ಹೆಣ್ಣಿನ ಹೆಸರು. ಅವರ ಜೊತೆಗೆ ಬಂದ ಸಿಬ್ಬಂದಿ ಟೇಪು ಹೊರಗೆ ತೆಗೆದ. ಯಜಮಾನರು ಬಡಿಸುವ ನೆಪದಲ್ಲಿ ಪಲ್ಯದ ಬಕೆಟ್ಟು ಹಿಡಿದು ದೂರದ ಸಾಲಿಗೆ ಹೋಗಿಬಿಟ್ಟರು.

ನಾನು ಎದುರು ಹೋಗಿ ನಮಸ್ಕಾರ ಹೇಳಿದೆ. "ಊಟಕ್ಕೆ ಕರೆಯದಿಲ್ಲ ಸರ್, ಬೇಜಾರು ಮಾಡ್ಕಬೇಡಿ. ಹೋದ ಸಲ ಉಂಡವರು ಸೂರು ಬರ್ದು ಹೋದ್ರು. ಈ ಸಲ ಉಣ್ಣದೆ ಅಳತೆ ಮಾಡಿ," ಎಂದೆ.

ಅವರ ಮುಖ ಕೆಂಪಾಯಿತು. "ಮೇಡಂ, ಸೂರು ಇಲ್ಲ ಅಂದ್ರಿ. ಇದೇನು?" ಎಂದು ಮೇಲೆ ಕೈ ತೋರಿಸಿದರು.

"ಅಳೀರಿ. ಒಂದಿಂಚೂ ಬಿಡಬೇಡಿ. ಆದ್ರೆ ಅದಕ್ಕಿಂತ ಮೊದ್ಲು ನಿಮ್ಮ ಈ ಕಟ್ಟಡದ ಕಂಬ ಒಂದನ್ನ ಅಲ್ಲಾಡಿಸಿ ನೋಡಿ."

ಸಿಬ್ಬಂದಿ ಟೇಪಿನ ತುದಿಯನ್ನು ಕಂಬಕ್ಕೆ ಸಿಕ್ಕಿಸಲು ಹೋದವನು ಬಾಳೆಎಲೆ ಸರಿಸಿ ಬುಡ ನೋಡಿದ. ಡ್ರಮ್ಮು, ಡ್ರಮ್ಮಿನಲ್ಲಿ ಮರಳು, ಮರಳಿನಲ್ಲಿ ಕಂಬ. ಅವನು ನಿರೀಕ್ಷಕರನ್ನು ಹತ್ತಿರ ಕರೆದ. ಅವರು ಬಗ್ಗಿ ನೋಡಿದರು, ಪಕ್ಕದ ಕಂಬವನ್ನೂ ನೋಡಿದರು. "ಆದ್ರೂ ಈಗ ಇರೋದನ್ನ ನಾನು ಬರೀಲೇಬೇಕಲ್ಲ," ಎಂದರು, ಸ್ವಲ್ಪ ಮೆತ್ತಗೆ.

"ಬರೀರಿ. ಬಿಸಿಲು ಇಳಿಯೋ ಹೊತ್ತಿಗೆ ಇನ್ನೊಂದು ಸಲ ಬಂದು, ಆಗ ಇರೋದನ್ನೂ ಬರೀರಿ. ಎರಡನ್ನೂ ಬರೀರಿ, ನಾನು ಸಹಿ ಹಾಕ್ತೀನಿ."

ಅವರಿಗೆ ಆ ದಿಕ್ಕಿನಲ್ಲೇ ಇನ್ನೆರಡು ಜಾಗ ನೋಡುವುದಿತ್ತಂತೆ. ಬರುತ್ತೇವೆಂದರು. ಬರುತ್ತಾರೋ ಇಲ್ಲವೋ ಎಂಬ ಹೆದರಿಕೆ ನನಗೂ ಇತ್ತು, ಇರಲಿಲ್ಲ ಎಂದರೆ ಸುಳ್ಳು.

ಕೊನೆಯ ಪಂಕ್ತಿ ಏಳುತ್ತಿದ್ದಂತೆ ಹಾಲಮ್ಮ ರೇಷ್ಮೆ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಕಣದ ನಡುವೆ ನಿಂತಳು. ನಮ್ಮ ಹಮಾಲರು, ಅವಳ ಅಣ್ಣ ತಮ್ಮಂದಿರು ಹಗ್ಗ ಬಿಚ್ಚಿದರು. ಗಂಡಿನ ಕಡೆಯವರು ಮೊದಲು ಮುಖ ಮುಖ ನೋಡಿಕೊಂಡರು, ಆಮೇಲೆ ವಿಷಯ ತಿಳಿದು ಪಂಚೆ ಎತ್ತಿ ಕಟ್ಟಿ ಬಂದರು. ತಗಡು ಇಳಿಯಿತು. ಕಂಬಗಳನ್ನು ಎತ್ತಿ ಒಯ್ದರು. ಡ್ರಮ್ಮುಗಳನ್ನು ಉರುಳಿಸದೆ ಇಬ್ಬಿಬ್ಬರು ಹೊತ್ತು ಕಾಂಪೌಂಡಿನ ಬುಡಕ್ಕೆ ಸೇರಿಸಿದರು. ಗುಡಿಸಿ ಮುಗಿಸುವಷ್ಟರಲ್ಲಿ ಮೋಡ ಚಂದ್ರಗುತ್ತಿಯ ದಿಕ್ಕಿಗೆ ಸರಿದು ಬಿಸಿಲು ಬಂತು. ಮದುವೆಗೆ ಬಂದವರಲ್ಲಿ ಅರ್ಧ ಜನ ಭತ್ತ ಹರಡಲು ನಿಂತರು. ಬೆಳ್ಳಿ ಕಾಲುಂಗುರದ ಕಾಲು, ಅರಿಸಿನದ ಕಾಲು, ಕೆಸರಿನ ಒಡಕು ಬಿದ್ದ ಕಾಲು, ಎಲ್ಲ ಆ ಭತ್ತದ ಮೇಲೆ ಓಡಾಡಿದವು.

ಜೀಪು ಮತ್ತೆ ಬಂತು. ಗೇಟು ದಾಟಿದ್ದೇ ನಿಂತಿತು. ನಿರೀಕ್ಷಕರು ಇಳಿದು ಹಿಂದಿರುಗಿ ರಸ್ತೆಯ ಕಡೆ ನೋಡಿದರು, ತಾವು ಬೇರೆ ಮಿಲ್ಲಿಗೆ ಬಂದೆವೋ ಏನೋ ಎಂಬಂತೆ. ಆಮೇಲೆ ಕಣದೊಳಕ್ಕೆ ಒಂದು ಹೆಜ್ಜೆ ಇಟ್ಟರು.

"ಸಾಹೇಬ್ರೆ, ಬೂಟು!" ಹಾಲಮ್ಮ ಅತ್ತ ಕಡೆಯಿಂದಲೇ ಕೂಗಿದಳು. "ಭತ್ತ ಐತ್ರಿ ಅದು. ಬೂಟು ಬಿಚ್ರಿ!"

ಅವರು ತಟ್ಟನೆ ಕಾಲು ಹಿಂದೆ ತೆಗೆದರು. ಬಗ್ಗಿ ಬೂಟು, ಕಾಲುಚೀಲ ಬಿಚ್ಚಿ, ಪ್ಯಾಂಟಿನ ತುದಿ ಮಡಚಿ ಒಳಗೆ ಬಂದರು. ಬರಿಗಾಲಿನ ರೂಢಿ ಇಲ್ಲವೇನೋ, ನಾಲ್ಕು ಹೆಜ್ಜೆ ಕುಣಿದಂತೆ ಇಟ್ಟರು. ಭತ್ತದ ಮೇಲೆ ಬಂದ ಮೇಲೆ ನಿಂತು ತಲೆಯೆತ್ತಿದರು. ಬಿಸಿಲು ನೇರ ಕಣ್ಣಿಗೇ ಹೊಡೆಯಿತು. ಸಿಬ್ಬಂದಿ ಟೇಪು ಹಿಡಿದು, "ತುದಿ ಎಲ್ಲಿಗೆ ಹಿಡೀಲಿ ಸಾರ್?" ಎಂದ.

ಅದೇ ಹೊತ್ತಿಗೆ ರೇಣುಕಾಳನ್ನು ಗಂಡನ ಮನೆಗೆ ಕಳಿಸಲು ವ್ಯಾನು ತಂದು ನಿಲ್ಲಿಸಿದ್ದರು. ಅವಳು ವ್ಯಾನಿನ ಕಡೆ ಹೋಗದೆ ಹೊಸ ಚಪ್ಪಲಿಯನ್ನು ಅಂಚಿನಲ್ಲಿ ಬಿಟ್ಟು ಕಣಕ್ಕೆ ಇಳಿದಳು. ಬಾಸಿಂಗ ಕಟ್ಟಿದ ತಲೆ ಬಗ್ಗಿಸಿ, ಕಾಲೆಳೆಯುತ್ತ, ಈ ಅಂಚಿನಿಂದ ಆ ಅಂಚಿನವರೆಗೆ ಒಂದು ಸಾಲು ಕೆದಕಿಕೊಂಡು ಹೋದಳು. ಹಾಲಮ್ಮ ಅವಳನ್ನು ತಡೆಯಲಿಲ್ಲ, ಅಳಲೂ ಇಲ್ಲ. ಪಕ್ಕದ ಸಾಲಿನಲ್ಲಿ ತಾನೂ ನಡೆದಳು. ನಾನಂತೂ ಅತ್ತೆ. ನಿರೀಕ್ಷಕರು ಅವರಿಬ್ಬರಿಗೆ ದಾರಿ ಬಿಟ್ಟು ಸರಿದು ನಿಂತರು. ಹೋಗುವ ಮುಂಚೆ ಮದುವೆಗೆ ಬಂದವರಲ್ಲಿ ಕೆಲವರನ್ನು ಬಾಡಿಗೆ ಎಷ್ಟೆಂದು ಬೇರೆ ಬೇರೆಯಾಗಿ ಕೇಳಿದರು. ಬಾಡಿಗೆಯೇ ಎಂದು ಅವರು ನಕ್ಕರು. ನಿರೀಕ್ಷಕರು ಮಧ್ಯಾಹ್ನದ್ದನ್ನೂ ಸಂಜೆಯದನ್ನೂ ಬರೆದುಕೊಂಡರು, ನಾನು ಎರಡಕ್ಕೂ ಸಹಿ ಹಾಕಿದೆ.

ಇಷ್ಟಕ್ಕೆ ಮುಗಿಯಿತೆಂದುಕೊಂಡೆವು. ಮುಗಿಯಲಿಲ್ಲ. ಫೈಲು ಮೇಲಿನ ಅಧಿಕಾರಿಯ ಮೇಜಿಗೆ ಹೋಗಿ ಅಲ್ಲೇ ಕೂತಿತು. ಪರವಾನಗಿಯ ಅವಧಿ ಮುಗಿದು ಮಿಲ್ಲು ನಿಂತಿತು. ಬಂದ ಟ್ರ್ಯಾಕ್ಟರುಗಳನ್ನು ಯಜಮಾನರೇ ಗೇಟಿನಲ್ಲಿ ನಿಂತು ಬೇರೆ ಮಿಲ್ಲಿಗೆ ಕಳಿಸುತ್ತಿದ್ದರು. ಬೆಲ್ಟಿನ ಸದ್ದು ಇಲ್ಲದ ಮನೆಯಲ್ಲಿ ಒಗ್ಗರಣೆಯ ಸಾಸಿವೆ ಸಿಡಿದರೂ ಬೆಚ್ಚುವಂತಾಯಿತು. ಗುಬ್ಬಿಗಳು ಹಾಪರಿನೊಳಕ್ಕೇ ಹೋಗಿ ಬರತೊಡಗಿದವು. ಯಜಮಾನರು ನನ್ನನ್ನು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ನಾನೂ ನಾಲ್ಕು ಮಾತಾಡಿ ಹಗುರವಾಗುತ್ತಿದ್ದೆ.

ಮುಂಗಾರು ಹಿಡಿದ ಮೇಲೆ ಕರೆ ಬಂತು. ಕೊಡೆ ಹಿಡಿದು ಇಬ್ಬರೂ ಹೋದೆವು. ಮೇಲಿನ ಅಧಿಕಾರಿ ಫೈಲು ತಿರುವುತ್ತಲೇ, "ಸೂರು ಇಲ್ಲ ಅಂತ ನಮ್ಮವರೇ ಬರೆದಿದ್ದಾರೆ. ಅದನ್ನ ಒಪ್ಪಿದ್ದೀನಿ," ಎಂದರು. "ಮದುವೆ ವಿಷಯ ಒಂದು ಉಳಿದಿದೆ. ಇನ್ನು ನಡೆಸಲ್ಲ ಅಂತ ಇಲ್ಲೊಂದು ಸಹಿ ಹಾಕಿ. ಇವತ್ತೇ ಆದೇಶ, ನಾಳೆಯಿಂದ ಮಿಲ್ಲು." ಮುಚ್ಚಳಿಕೆಯನ್ನು ಆಗಲೇ ಬರೆಸಿ ಇಟ್ಟಿದ್ದರು. ಪರವಾನಗಿ ಯಜಮಾನರ ಹೆಸರಿನಲ್ಲಿದೆ, ಆದ್ದರಿಂದ ಪೆನ್ನು ಅವರ ಕಡೆಗೆ ಹೋಯಿತು.

ನಿಂತ ಮಿಲ್ಲು ಅವರದು, ಗೇಟಿನಲ್ಲಿ ನಿಂತು ರೈತರನ್ನು ವಾಪಸು ಕಳಿಸಿದವರೂ ಅವರೇ. ಸಹಿ ಹಾಕಿದರೆ ಹಾಕಲಿ ಎಂದು ಕಿಟಕಿಯ ಹೊರಗಿನ ಮಳೆ ನೋಡುತ್ತ ಕೂತೆ. ಅವರು ಪೆನ್ನಿನ ಟೋಪಿ ತೆಗೆದರು. ಕಾಗದ ಓದಿದರು, ಇನ್ನೊಮ್ಮೆ ಓದಿದರು. ಆಮೇಲೆ ಟೋಪಿಯನ್ನು ಪೆನ್ನಿಗೆ ಹಾಕಿ ಮೇಜಿನ ಮೇಲಿಟ್ಟರು.

"ಆಗಂಗಿಲ್ರಿ ಸರ್," ಎಂದರು. "ಹಾಲಮ್ಮಗ ಇನ್ನೊಬ್ಳು ಮಗಳು ಅದಾಳ್ರಿ."

ಅಧಿಕಾರಿಗೆ ಹಾಲಮ್ಮ ಯಾರೆಂದು ತಿಳಿಯಲಿಲ್ಲ. ಪಕ್ಕದಲ್ಲಿ ನಿಂತಿದ್ದ ನಿರೀಕ್ಷಕರಿಗೆ ತಿಳಿದಿತ್ತು. ಅವರು ಬೂಟಿನ ತುದಿ ನೋಡಿಕೊಳ್ಳುತ್ತ ನಕ್ಕರು.

"ಮಿಲ್ಲು ನಿಂತಿದೆಯಲ್ಲಪ್ಪ?" ಎಂದರು ಅಧಿಕಾರಿ.

"ನಿಂತೈತ್ರಿ. ನಿಂದ್ರಲಿ. ಮದುವಿ ಮಾಡ್ತೀವಿ, ರೊಕ್ಕ ತಗಳಂಗಿಲ್ಲ ಅಂತ ಬೇಕಾದ್ರ ಬರ್ಕೊಡ್ತೀನಿ. ಅಷ್ಟ ನಮಗ ಗೊತ್ತಿರಾದು." ಸರ್ಕಾರದ ಮುಂದೆ ನಮ್ಮ ಯಜಮಾನರು ಅಷ್ಟು ಉದ್ದ ಮಾತಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು.

ಅಧಿಕಾರಿ ನಿರೀಕ್ಷಕರನ್ನು ನೋಡಿದರು. "ಬಾಡಿಗೆ ತಗೊಳ್ಳೋದಿಲ್ಲ ಸಾರ್, ನಾನೇ ವಿಚಾರಿಸಿದೀನಿ," ಎಂದರು ನಿರೀಕ್ಷಕರು. ಮುಚ್ಚಳಿಕೆಯನ್ನು ಅಧಿಕಾರಿ ಮಡಚಿ ಬದಿಗಿಟ್ಟು, ಯಜಮಾನರು ಹೇಳಿದ್ದನ್ನೇ ಬೇರೆ ಹಾಳೆಯಲ್ಲಿ ಬರೆಸಿಕೊಂಡರು. ಈ ಸಲ ಯಜಮಾನರು ಪೂರ್ತಿ ಹೆಸರು ಬರೆದು ಸಹಿ ಹಾಕಿದರು. ಹೊರಗೆ ಬಂದ ಮೇಲೆ, "ಮೊದ್ಲು ಚಾ ಕುಡಿಯಾಣ ನಡಿ," ಎಂದು ಕೊಡೆಯನ್ನು ಬಿಡಿಸದೆಯೇ ಮಳೆಯಲ್ಲಿ ಹೊರಟರು. ನಾನೂ ನೆನೆಯುತ್ತ ಹಿಂದೆ ಹೋದೆ. ಇಷ್ಟು ವರ್ಷದ ಸಂಸಾರದಲ್ಲಿ ಅವರ ಮೇಲೆ ನನಗೆ ಅಷ್ಟು ಪ್ರೀತಿ ಬಂದ ದಿನ ಇನ್ನೊಂದಿಲ್ಲ.

ಗುಡವಿ ಕೆರೆಗೆ ಮಳೆಗಾಲದ ಹಕ್ಕಿಗಳು ಬಂದಿವೆಯೆಂದು ಜನ ನೋಡಲು ಹೋಗುತ್ತಿದ್ದ ಹೊತ್ತಿಗೆ ಆದೇಶ ಕೈಗೆ ಬಂತು. ಮಂಟಪ ಹೋಯಿತು, ಕಣ ಖಾಲಿ ಜಾಗವಾಯಿತು, ಬಾಕಿ ದಂಡವೆಲ್ಲ ಅಳಿಸಿಹೋಯಿತು. ಮಿಲ್ಲಿನ ಕಟ್ಟಡವನ್ನು ಇಷ್ಟು ವರ್ಷ ಹೊಸದೆಂದೇ ಲೆಕ್ಕ ಹಿಡಿದಿದ್ದರಂತೆ, ಅದಕ್ಕೂ ವಯಸ್ಸಾಗಿದೆಯೆಂದು ಕಡಿತ ಕೊಟ್ಟರು. ಮೊದಲು ಕಟ್ಟುತ್ತಿದ್ದುದಕ್ಕಿಂತಲೂ ಕಂದಾಯ ಇಳಿಯಿತು. "ವಯಸ್ಸಾಗಿದ್ದಕ್ಕೂ ಒಂದು ಬೆಲೆ ಇದೆ ನೋಡಿ ಮಾರಾಯ್ರೆ," ಎಂದು ಯಜಮಾನರನ್ನು ಕಿಚಾಯಿಸಿದೆ. ಅವರು ಮಿಲ್ಲಿನ ಸ್ವಿಚ್ಚು ಹಾಕಿದರು. ಗುಬ್ಬಿಗಳು ಹಾಪರಿನಿಂದ ಬುರ್ರನೆ ಎದ್ದು ಹಂಚಿನ ಸಂದಿಗೆ ಹೋದವು. ನಾನು ಮುಂದೆ ಮಾತಾಡಿದ್ದು ಆ ಸದ್ದಿನಲ್ಲಿ ಅವರಿಗೆ ಕೇಳಿಸಲಿಲ್ಲ.

ಸೊರಬದ ಮಂಟಪದ ಹಿಂಬದಿಯಲ್ಲಿ ನನ್ನ ತೋಳು ಹಿಡಿದಿದ್ದ ಆ ಹೆಂಗಸಿಗೆ ಇಷ್ಟೆಲ್ಲ ಹೇಳಿದೆ. ಅವಳು ಕೇಳಿ, "ಮತ್ತೆ ಈಗ ಅಳತೆಯೋರು ಬರದಿಲ್ಲನ?" ಎಂದಳು. ಬರುತ್ತಾರೆ. ಅಧಿಕಾರಿಗಳು ಬದಲಾಗುತ್ತಾರೆ, ಕಂಪ್ಯೂಟರು ಬದಲಾಗುತ್ತದೆ, ಯಾರಿಗೋ ಇನ್ನೊಂದು ಸಲ ನಮ್ಮ ಕಣದ ಮೇಲೆ ಸೂರು ಕಾಣುತ್ತದೆ. ಬರಲಿ. ಹಾಲಮ್ಮನ ಎರಡನೆಯ ಮಗಳ ಮದುವೆಯ ಅಕ್ಕಿ ಹೋದ ವಾರ ನಮ್ಮ ಮಿಲ್ಲಿನಲ್ಲಿ ಆಗಿದೆ, ಡ್ರಮ್ಮುಗಳಿಗೆ ಹೊಸ ಮರಳು ತುಂಬಿಸಿದ್ದೇನೆ.